ಗಗನಯಾತ್ರಿಗಳ ಊರಿಗೆ ಹೊತ್ತೊಯ್ದ ಸುದ್ದಿ

ರಾಯಚೂರು

ನಮ್ಮ ಮನೆಗೆ ಎರಡು ಪಾಸ್‌ಪೋರ್ಟ್ ಬಂದಿದ್ದವು. ಒಂದು ನನ್ನದು, ಇನ್ನೊಂದು ಅವ್ವನದು. ಅವ್ವನದರಲ್ಲಿ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತಿತ್ತು. ಹುಲಿಗೆವ್ವ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬೆರಳಿಟ್ಟು ತೋರಿಸಿದಾಗ, "ನನ್ನ ಹೆಸರು ಇಷ್ಟುದ್ದ ಅದ ಅಂತ ಗೊತ್ತೇ ಇರಲಿಲ್ಲ ನೋಡು" ಎಂದು ನಕ್ಕಿದ್ದಳು. ಇಬ್ಬರೂ ಕೂಡಿ ರಷ್ಯಾಕ್ಕೆ ಹೋಗುವುದೆಂದು ಮಾತಾಗಿತ್ತು. ಕಡೆಗೆ ನಾನೊಬ್ಬಳೇ ಹೊರಟೆ.

ನಾನು ಮಾನ್ವಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹೆಸರು ಸುಜಾತಾ. ಮನೆ ರಾಯಚೂರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮೂಲ ಊರು ಗುಂಜಹಳ್ಳಿ. ನಾವು ಸಣ್ಣವರಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ಮಂದಿಯ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ನನ್ನನ್ನೂ ನನಗಿಂತ ಎಂಟು ವರ್ಷ ಸಣ್ಣವನಾದ ತಮ್ಮ ಭೀಮರಾಯನನ್ನೂ ಓದಿಸಿದಳು. ಅವಳು ಹೊಲದಲ್ಲಿದ್ದಷ್ಟು ಹೊತ್ತೂ ಭೀಮ ನನ್ನ ಕಂಕುಳಲ್ಲಿರುತ್ತಿದ್ದ. ಅವ್ವ ಮುದ್ದು ಬಂದಾಗ ಅವನನ್ನು ಭೀಮ್ಯಾ ಅನ್ನುತ್ತಿದ್ದಳು. ನಾನು ಮದುವೆಯಾಗಲಿಲ್ಲ. ನೌಕರಿ ಸಿಕ್ಕ ಮೇಲೆ ಅವ್ವನನ್ನು ರಾಯಚೂರಿಗೆ ಕರೆತಂದೆ.

ಭೀಮನ ಓದು ಮುಗಿಯುವುದೇ ಇಲ್ಲವೆಂದು ಅವ್ವನ ದೂರು. ಆರನೇ ಇಯತ್ತೆಗೆ ಸೈನಿಕ ಶಾಲೆ ಸೇರಿದ. ಅಲ್ಲಿಂದ ಸೇನೆಯ ಅಕಾಡೆಮಿ, ಅಲ್ಲಿಂದ ವಿಮಾನ ಹಾರಿಸುವ ತರಬೇತಿ. ವಾಯುಪಡೆಯಲ್ಲಿ ಯುದ್ಧವಿಮಾನದ ಪೈಲಟ್ ಆದ. ಅದು ಸಾಲದೆಂದು ಮತ್ತೆ ಪರೀಕ್ಷೆ ಕೊಟ್ಟು ಟೆಸ್ಟ್ ಪೈಲಟ್ ಆದ. ಇನ್ನೂ ಯಾರೂ ಹಾರಿಸದ ವಿಮಾನವನ್ನು ಮೊದಲು ಹಾರಿಸಿ, ಅದು ಎಲ್ಲಿ ಅಲುಗುತ್ತದೆ, ಎಲ್ಲಿ ಮಾತು ಕೇಳುವುದಿಲ್ಲ ಎಂದು ಬರೆದುಕೊಡುವ ಕೆಲಸ ಅದು. ಒಂದು ದಿನ, ಬಾಹ್ಯಾಕಾಶಕ್ಕೆ ಹೋಗುವ ಮನಸ್ಸಿದ್ದವರು ಹೆಸರು ಕೊಡಿ ಎಂದು ಸುತ್ತೋಲೆ ಬಂತು. ಇವನು ಕೊಟ್ಟ. ವೈದ್ಯರು ಅವನ ಹಲ್ಲಿನಿಂದ ಹಿಡಿದು ನಿದ್ದೆಯವರೆಗೆ ಎಲ್ಲವನ್ನೂ ತಿಂಗಳುಗಟ್ಟಲೆ ನೋಡಿದರು. ಹೆಸರು ಕೊಟ್ಟವರಲ್ಲಿ ಕೊನೆಗೆ ಉಳಿದವರು ಮೂವರು. ಅವರನ್ನು ತರಬೇತಿಗೆಂದು ರಷ್ಯಾಕ್ಕೆ ಕಳಿಸಿದರು.

ಪ್ರತಿ ಸಲವೂ ಅವ್ವ ಕೇಳುತ್ತಿದ್ದಳು, "ಈಗರೆ ಮುಗೀತೇನಪ್ಪಾ ನಿನ್ನ ಸಾಲಿ?"

"ಇನ್ನೊಂದು ಸಾಲಿ ಅದವ್ವಾ" ಎನ್ನುತ್ತಿದ್ದ ಭೀಮ.

ರಷ್ಯಾದ ತರಬೇತಿಯ ಕೊನೆಯ ಪರೀಕ್ಷೆ ಚಳಿಗಾಲದಲ್ಲಿತ್ತು. ಆ ವಾರ ಕುಟುಂಬದವರು ಬಂದು ಇರಬಹುದೆಂದು ಅನುಮತಿ ಸಿಕ್ಕಿತ್ತು. ಅದಕ್ಕೇ ಎರಡು ಪಾಸ್‌ಪೋರ್ಟ್. ಪರೀಕ್ಷೆಗೆ ಇಪ್ಪತ್ತಾರು ದಿನ ಇರುವಾಗ ಅವ್ವ ತೀರಿಕೊಂಡಳು. ಆಗ ಭೀಮ ಹಿಮದ ಕಾಡಿನಲ್ಲಿದ್ದ. ಬಾಹ್ಯಾಕಾಶದಿಂದ ಮರಳುವ ನೌಕೆ ಎಲ್ಲೋ ದಿಕ್ಕು ತಪ್ಪಿ ಕಾಡಿನಲ್ಲಿ ಇಳಿದರೆ ಬದುಕಿ ಉಳಿಯುವುದು ಹೇಗೆಂದು ಕಲಿಯಲು, ಮೂವರೇ ಅಲ್ಲಿ ಇರಬೇಕು. ಫೋನ್ ಕೊಡುವುದಿಲ್ಲ.

ಗುಂಜಹಳ್ಳಿಯಲ್ಲಿ ಬುದ್ಧನ ಪಂಚಶೀಲ ಹೇಳಿ ಅವ್ವನನ್ನು ಮಣ್ಣು ಮಾಡಿದೆವು. ದೇವದುರ್ಗದ ಕಡೆಯಿಂದ, ಕೃಷ್ಣೆಯ ದಂಡೆಯ ಗೂಗಲ್‌ನಿಂದ ಅವಳ ತವರಿನವರೆಲ್ಲ ಬಂದಿದ್ದರು. ಸೋದರಮಾವ ಕೇಳಿದ, "ಮಗ ಎಲ್ಲದಾನವಾ? ಭೀಮಗ ಹೇಳಿದೇನು?"

"ಅವ್ವನೇ ಬ್ಯಾಡ ಅಂದಾಳ ಮಾವಾ. ಪರೀಕ್ಷಿ ಮುಗಿಯೂತನಾ ಹೇಳಬ್ಯಾಡ ಅಂತ ನನಗ ಹೇಳಿ ಹೋಗ್ಯಾಳ" ಎಂದೆ.

ಮಾವ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಯಾರೂ ಮತ್ತೆ ಕೇಳಲಿಲ್ಲ.

ಭೀಮ ರವಿವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಮೊದಲನೆಯ ರವಿವಾರ, ಅವ್ವ ಗೂಗಲ್‌ಗೆ ಹೋಗ್ಯಾಳ, ಅಲ್ಲಿ ಸಿಗ್ನಲ್ ಬರೂದಿಲ್ಲ ಎಂದೆ. ಎರಡನೆಯ ರವಿವಾರ, ಮಲಗ್ಯಾಳ, ಎಬ್ಬಿಸೂದು ಬ್ಯಾಡ ಎಂದೆ. ಮೂರನೆಯ ರವಿವಾರ, ಮೊಣಕಾಲು ಬಾತದ, ಬರಾಂಗಿಲ್ಲ, ನಾನೊಬ್ಬಾಕೇ ಬರಾಕತ್ತೀನಿ ಎಂದೆ. ಟಿಕೆಟ್ ಮೊದಲೇ ಆಗಿತ್ತು. ಪರೀಕ್ಷೆಗೆ ಮೂರು ದಿನ ಮುಂಚೆ ಅಲ್ಲಿಗೆ ತಲುಪಬೇಕು. ಆ ಮೂರು ದಿನ ಮುಖದಲ್ಲಿ ಏನನ್ನೂ ತೋರಿಸದೆ ಇದ್ದು, ಪರೀಕ್ಷೆ ಮುಗಿದ ಸಂಜೆ ಎದುರಿಗೆ ಕೂಡಿಸಿಕೊಂಡು ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

ಮಾಸ್ಕೋ

ತಮ್ಮ ಪೈಲಟ್ ಆಗಿದ್ದರೂ ನಾನು ವಿಮಾನ ಹತ್ತಿದ್ದು ಅದೇ ಮೊದಲು. ಸೀಟಿನ ಬೆಲ್ಟ್ ಹಾಕಿಕೊಳ್ಳಲು ಬರದೆ ಒದ್ದಾಡುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, ತಮ್ಮ ಮೊಮ್ಮಗಳಿಗೆ ಹಾಕಿದ ಹಾಗೆ, ಏನೂ ಮಾತಾಡದೆ ಹಾಕಿಕೊಟ್ಟರು.

ಮಾಸ್ಕೋದಲ್ಲಿ ಸುಂಕದ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಭೀಮನಿಗೆಂದು ಒಯ್ದಿದ್ದ ಖಡಕ್ ರೊಟ್ಟಿಯ ಕಟ್ಟು ಅವನ ಕೈಗೆ ಸಿಕ್ಕಿತು. ಬೆರಳ ಗೆಣ್ಣಿನಿಂದ ಅದನ್ನು ಬಡಿದು ನೋಡಿದ. ಟಕಟಕ ಎಂದಿತು. ಇನ್ನೊಬ್ಬನನ್ನು ಕರೆದ, ಅವನೂ ಬಡಿದು ನೋಡಿದ. ಶೇಂಗಾ ಹಿಂಡಿಯ, ಖಾರದ ಚಟ್ನಿಪುಡಿಯ, ಡಬ್ಬಿ ತೆಗೆದು ಮೂಗಿನ ಹತ್ತಿರ ಹಿಡಿದವನಿಗೆ ಮೂರು ಸೀನು ಬಂದವು. ನಾನು ರೊಟ್ಟಿಯ ಚೂರು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಇಬ್ಬರೂ ನಗಲಿಲ್ಲ. ಆದರೆ ಚೀಲವನ್ನು ನಾನು ಕಟ್ಟಿದ್ದಕ್ಕಿಂತ ನೀಟಾಗಿ ಕಟ್ಟಿ ಕೊಟ್ಟರು.

ಹೊರಗೆ ವೆರಾ ಕಾಯುತ್ತಿದ್ದರು. ಅರವತ್ತು ದಾಟಿದ ಹೆಂಗಸು, ತರಬೇತಿ ಕೇಂದ್ರದವರು ಗೊತ್ತುಮಾಡಿದ್ದ ದುಭಾಷಿ. ಅವರದು ಪುಸ್ತಕದ ಶುದ್ಧ ಹಿಂದಿ, ನನ್ನದು ರಾಯಚೂರಿನ ಗಲ್ಲಿಯಲ್ಲಿ ಕಲಿತ ದಖನಿ. ಬೇಡ ಎನ್ನಲು ನಾನು "ನಕ್ಕೋ" ಎಂದಾಗಲೆಲ್ಲ ಅವರು ನಿಂತು ಯೋಚಿಸುತ್ತಿದ್ದರು. ಇಲ್ಲಿನವರು ಅಪರಿಚಿತರಿಗೆ ನಗುವುದಿಲ್ಲ, ಕಾರಣವಿಲ್ಲದೆ ನಗುವವರನ್ನು ಅನುಮಾನದಿಂದ ನೋಡುತ್ತಾರೆ ಎಂದು ಅವರೇ ಹೇಳಿದರು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರಿಗೆ ನಗದಿದ್ದರೆ ಸೊಕ್ಕು ಅನ್ನುತ್ತಾರೆ. ನನ್ನ ಮುಖಕ್ಕೆ ಆ ದಿನಗಳಲ್ಲಿ ಅವರ ಪದ್ಧತಿಯೇ ಅನುಕೂಲವಾಗಿತ್ತು.

ರಾಯಚೂರಿನ ಬೇಸಿಗೆಯಲ್ಲಿ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಬಡಿಯುವ ಝಳ ನನಗೆ ಗೊತ್ತು. ಇಲ್ಲಿ ಚಳಿ ಹಾಗೆಯೇ ಬಡಿಯಿತು. ಉಸಿರೆಳೆದರೆ ಮೂಗಿನೊಳಗಿನ ಕೂದಲು ಗರಿಗರಿಯಾಗುತ್ತಿತ್ತು.

ಭೀಮನಿದ್ದ ಊರಿಗೆ ಲೋಕಲ್ ರೈಲಿನಲ್ಲಿ ಹೋಗಬೇಕು. ವೆರಾ ಟಿಕೆಟಿನ ಸಾಲಿನಲ್ಲಿ ನಿಂತರು. ನಿಲ್ದಾಣದ ಸುರಂಗದ ದಾರಿಯಲ್ಲಿ ಒಬ್ಬ ಅಜ್ಜಿ ಬಕೀಟಿನಲ್ಲಿ ಬಿಳಿ ಸೇವಂತಿಗೆ ಇಟ್ಟುಕೊಂಡು ಮಾರುತ್ತಿದ್ದಳು. ಇಷ್ಟು ದೂರ ಬಂದು, ಹಿಮದ ನಡುವೆ ನಮ್ಮ ಸೇವಂತಿಗೆ ಕಂಡದ್ದಕ್ಕೆ ನನಗೆ ಜೀವ ಬಂದಂತಾಯಿತು. ಭೀಮನಿಗೆ ಒಯ್ಯೋಣ ಅನ್ನಿಸಿತು. ಮಾತು ಅನುವಾದಿಸುವ ಆ್ಯಪ್ ತೆಗೆದೆ. ಮೊಬೈಲ್ ಇಂಟರ್ನೆಟ್ ಬಂದ್ ಆಗಿತ್ತು. ಅಲ್ಲಿ ಆಗಾಗ ಹಾಗಾಗುತ್ತದಂತೆ. ಕೈಸನ್ನೆಯಿಂದಲೇ ಕೇಳಿದೆ.

ಅಜ್ಜಿ ಐದು ಹೂವು ತೆಗೆದು ಹಿಡಿದಳು. ಐದು ತೆಳುವಾಗಿ ಕಂಡವು. ನಮ್ಮಲ್ಲಿ ಹೂವನ್ನು ಮೊಳದ ಲೆಕ್ಕದಲ್ಲಿ ಕೊಳ್ಳುತ್ತೇವೆ, ಯಾರೂ ಎಣಿಸುವುದಿಲ್ಲ. ಇನ್ನೊಂದು ಎಂದು ಬೆರಳು ತೋರಿಸಿದೆ. ಅವಳು ಏನೋ ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಆರನೆಯದನ್ನು ಸೇರಿಸಿದಳು. ಚಳಿಗೆ ಬಾಡದಿರಲೆಂದು ಹಳೆಯ ಪತ್ರಿಕೆಯಲ್ಲಿ ಪೂರಾ ಸುತ್ತಿ ಕೊಟ್ಟು, ಕೈಗವಸಿನ ಕೈಯಿಂದ ನನ್ನ ತೋಳು ಸವರಿದಳು. ಈ ಊರಿನವರಿಗೆ ನಗು ಇಲ್ಲದಿದ್ದರೂ ಅಂತಃಕರಣ ಇದೆ ಎಂದುಕೊಂಡೆ.

ಕಾಡಿನೊಳಗಿನ ಊರು

ರೈಲು ಇಳಿದರೆ ದೇವದಾರುಗಳ ಕಾಡು, ಕಾಡಿನೊಳಗೆ ಒಂದು ಗೇಟು, ಗೇಟಿನೊಳಗೆ ಊರು. ಗಗನಯಾತ್ರಿಗಳನ್ನು ತಯಾರು ಮಾಡುವುದೇ ಆ ಊರಿನ ಕಸುಬು. ಸಿಪಾಯಿಯೊಬ್ಬ ನನ್ನ ಪಾಸ್‌ಪೋರ್ಟನ್ನೂ ಮುಖವನ್ನೂ ನಾಲ್ಕು ಸಲ ಹೋಲಿಸಿ ನೋಡಿ ಒಳಗೆ ಬಿಟ್ಟ.

ಅತಿಥಿಗೃಹದ ಕೋಣೆಯಲ್ಲಿ ಭೀಮ ಕಾಯುತ್ತಿದ್ದ. ಬಡವಾಗಿದ್ದ. ಕಾಡಿನ ಚಳಿಗೆ ಎರಡೂ ಕೆನ್ನೆಯ ಮೇಲೆ ಕಪ್ಪು ಕಲೆ ಬಿದ್ದಿದ್ದವು. ನನ್ನ ಕಾಲು ಮುಟ್ಟಿದ, ಚೀಲ ಇಸಿದುಕೊಂಡ.

"ಎಷ್ಟು ಭಾರ ತಂದಿ ಅಕ್ಕಾ! ಇಡೀ ರಾಯಚೂರು ಬಜಾರ ಹೊತ್ಕೊಂಡು ಬಂದಿ ಏನು? ಅವ್ವನ ಮೊಣಕಾಲು ಹೆಂಗದ?"

"ಅದ, ಹಂಗೇ ಅದ" ಎಂದು ಕೋಟು ಬಿಚ್ಚತೊಡಗಿದೆ.

"ಇದೇನಿದು, ಹೂವಾ? ನಾ ಏನ್ ಮದುಮಗಾ?" ನಗುತ್ತ ಪತ್ರಿಕೆ ಬಿಚ್ಚಿದ. ನಗು ಹಾಗೆಯೇ ನಿಂತಿತು. ಹೂವಿನ ಮೇಲೆ ಅವನ ಕಣ್ಣು ಒಂದೊಂದಾಗಿ ಸರಿಯುವುದನ್ನು ನೋಡಿದೆ. ಬಾಗಿಲಲ್ಲಿ ನಿಂತಿದ್ದ ವೆರಾ "ಅಯ್ಯೋ" ಎಂಬಂತೆ ಬಾಯಿಗೆ ಕೈ ಇಟ್ಟುಕೊಂಡರು. ಅವಸರದಲ್ಲಿ ಹಿಂದಿಯಲ್ಲಿ ಹೇಳಿದರು, "ಇವರಿಗೆ ಗೊತ್ತಿಲ್ಲ, ನಮ್ಮ ಪದ್ಧತಿ ಇವರಿಗೆ ಗೊತ್ತಿಲ್ಲ. ಜೀವ ಇದ್ದವರಿಗೆ ನಾವು ಬೆಸ ಸಂಖ್ಯೆಯ ಹೂವು ಕೊಡುತ್ತೇವೆ. ಸಮಸಂಖ್ಯೆ ಸತ್ತವರಿಗೆ."

"ನಾನೇ ಇನ್ನೊಂದು ಹಾಕಿಸ್ಕೊಂಡೆ" ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. "ಐದು ಕಡಿಮಿ ಅನಸ್ತು ಭೀಮಾ."

ಅವನು ವೆರಾ ಕಡೆಗೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ಅಕ್ಕಾ, ಅವ್ವಗ ಫೋನ್ ಹಚ್ಚು."

"ಈಗ್ಯಾಕ? ಬಂದೀನಿ, ಒಂದೀಟು ಕುಂದರ್ತೀನಿ..."

"ಹಚ್ಚು. ಎರಡು ಮಾತಾಡಿ ಇಡ್ತೀನಿ."

ಅತಿಥಿಗೃಹದ ವೈಫೈ ಇತ್ತು. ಫೋನು ಅವನೇ ನನ್ನ ಕೈಗೆ ಕೊಟ್ಟ. ಅದನ್ನು ಹಿಡಿದುಕೊಂಡು ನಿಂತೆ. ಯಾರಿಗೆ ಹಚ್ಚಲಿ? ಪರದೆ ತಾನಾಗಿ ಕಪ್ಪಾಯಿತು. ನಾನು ಅದನ್ನು ಮತ್ತೆ ಬೆಳಗಿಸಲಿಲ್ಲ.

"ಯಾವಾಗ?" ಎಂದ.

"ಇಪ್ಪತ್ತಮೂರು ದಿನಾತು."

ಅವನು ಕುರ್ಚಿಯ ಮೇಲೆ ಕೂತ. ದನಿ ಏರಿಸದೆ ಕೇಳಿದ.

"ಗೂಗಲ್‌ಗೆ ಹೋಗ್ಯಾಳ ಅಂದಿ."

"ಹೂಂ."

"ಮಲಗ್ಯಾಳ ಅಂದಿ. ಎಬ್ಬಿಸಬ್ಯಾಡ ಅಕ್ಕಾ ಅಂತ ನಾನೂ ಅಂದೆ."

"ಭೀಮಾ, ಅವ್ವನೇ ಬ್ಯಾಡ ಅಂದಿದ್ಲೋ. ಪರೀಕ್ಷಿ ಮುಗೀಲಿ ಅಂದ್ಲು."

ಅವನು ಎದ್ದು ಟೋಪಿ ತೆಗೆದುಕೊಂಡ. ಹೂವನ್ನು ಮತ್ತೆ ಅದೇ ಪತ್ರಿಕೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದು ಹೊರಟುಹೋದ. ಕಿಟಕಿಯಿಂದ ನೋಡಿದೆ. ಹಿಮ ತುಂಬಿದ ದಾರಿಯಲ್ಲಿ ಬೆನ್ನು ನೆಟ್ಟಗಿಟ್ಟುಕೊಂಡು, ಕವಾಯತಿಗೆ ಹೋಗುವವನ ಹಾಗೆ ನಡೆದುಹೋಗುತ್ತಿದ್ದ.

ಪಾವೆಲ್ ಇಲಿಚ್ ಅವರ ಮನೆ

ಮರುದಿನ ಭೀಮ ಬರಲಿಲ್ಲ. ವೆರಾ ನನ್ನನ್ನು ಕೋಣೆಯಲ್ಲಿ ಒಬ್ಬಳನ್ನೇ ಬಿಡಲಿಲ್ಲ. ಊರು ತೋರಿಸಲು ಕರೆದೊಯ್ದರು. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಕೈಚೀಲ ಹಿಡಿದು ನಿಂತ ಒಬ್ಬರನ್ನು ತೋರಿಸಿ, ಅವರು ಅರ್ಧ ವರ್ಷ ಬಾಹ್ಯಾಕಾಶದಲ್ಲಿದ್ದು ಬಂದವರು ಎಂದರು. ಅವರ ಮುಂದೆ ನಿಂತಿದ್ದ ಹೆಂಗಸು ಚಿಲ್ಲರೆಗಾಗಿ ಪರ್ಸು ತಡಕಾಡುತ್ತಿದ್ದಳು. ಅವರು ಸುಮ್ಮನೆ ಕಾಯುತ್ತಿದ್ದರು. ಭೀಮ ಆಯ್ಕೆಯಾದ ಸುದ್ದಿ ಬಂದಾಗ ರಾಯಚೂರಿನ ಸರ್ಕಲ್ಲಿನಲ್ಲಿ ಅವನ ಆಳೆತ್ತರದ ಬ್ಯಾನರ್ ಕಟ್ಟಿದ್ದರು. ಅವ್ವನನ್ನು ಮೂರು ಕಡೆ ವೇದಿಕೆ ಹತ್ತಿಸಿ ಶಾಲು ಹೊದೆಸಿದ್ದರು. ಮೂರನೆಯ ವೇದಿಕೆ ಇಳಿಯುವಾಗ ಅವಳು, "ಅಂವ ಇನ್ನಾ ಹೋಗೇ ಇಲ್ಲಲ್ಲೇ, ಇವ್ರಿಗೇನ್ ಅವಸರ?" ಎಂದಿದ್ದಳು.

ಸಂಜೆ ಭೀಮನ ಗುರು ಪಾವೆಲ್ ಇಲಿಚ್ ಚಹಾಕ್ಕೆ ಕರೆದರು. ಎಂಬತ್ತರ ಹತ್ತಿರದ ಮನುಷ್ಯ. ಬಾಗಿಲಲ್ಲೇ ನಮ್ಮ ಬೂಟು ಬಿಚ್ಚಿಸಿ ಚಪ್ಪಲಿ ಕೊಟ್ಟರು. ಹೊರಗಿನ ಪಾದರಕ್ಷೆ ಒಳಗೆ ತರಬಾರದೆಂಬುದು ನಮ್ಮಂತೆಯೇ. ಆದರೆ ಅತಿಥಿಗಳಿಗೆಂದು ಬೇರೆ ಬೇರೆ ಅಳತೆಯ ಚಪ್ಪಲಿಗಳನ್ನು ಸಾಲಾಗಿ ಇಟ್ಟಿರುವುದನ್ನು ಅಲ್ಲೇ ನೋಡಿದೆ. ಮೇಜಿನ ಮೇಲೆ ಕಪ್ಪು ಬ್ರೆಡ್ಡು, ಉಪ್ಪಿನ ಸೌತೆಕಾಯಿ, ಹಣ್ಣಿನ ಜಾಮು. ಒಂದು ಖಾಲಿ ಕುರ್ಚಿಯ ಮುಂದೆ ಸಣ್ಣ ಗ್ಲಾಸಿನಲ್ಲಿ ವೋಡ್ಕಾ ಸುರಿದು, ಗ್ಲಾಸಿನ ಬಾಯಿಗೆ ಬ್ರೆಡ್ಡಿನ ತುಂಡು ಮುಚ್ಚಿಟ್ಟರು.

"ನಿಮ್ಮ ತಾಯಿಗೆ" ಎಂದು ವೆರಾ ಅನುವಾದಿಸಿದರು.

"ನಮ್ಮವ್ವ ಕುಡಿಯುತ್ತಿರಲಿಲ್ಲ. ಚಹಾ ಅಂದರೆ ಜೀವ" ಎಂದೆ. ವೆರಾ ಹೇಳಿದ್ದನ್ನು ಕೇಳಿ ಅವರು ಗ್ಲಾಸನ್ನು ಎತ್ತಿಕೊಂಡು ಹೋಗಿ, ಚಹಾ ತುಂಬಿದ ಕಪ್ಪು ತಂದಿಟ್ಟರು. ಎಷ್ಟು ಸಕ್ಕರೆ ಎಂದು ಬೆರಳಲ್ಲಿ ಕೇಳಿದರು. ಮೂರು ಎಂದು ತೋರಿಸಿದೆ. ಮೂರು ಹಾಕಿ ಕಲಕಿದರು. ನಾನು ಚೀಲದಿಂದ ರೊಟ್ಟಿಯ ಚೂರು ತೆಗೆದು ಅದರ ಮೇಲಿಟ್ಟೆ.

ಅವರ ಕಥೆಯನ್ನು ವೆರಾ ನಿಧಾನವಾಗಿ, ಒಂದೊಂದು ವಾಕ್ಯವಾಗಿ ಹೇಳಿದರು. ಹಳ್ಳಿಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವನ ಮಗ. ಸೇನೆಯ ವಿಮಾನ ಶಾಲೆ ಸೇರಿ, ಉತ್ತರದ ಹಿಮಸಮುದ್ರದ ಮೇಲೆ ಯುದ್ಧವಿಮಾನ ಹಾರಿಸಿದರು. ಒಂದು ದಿನ ಮಾಸ್ಕೋದಿಂದ ಬಂದ ಇಬ್ಬರು ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಹೊಸ ಬಗೆಯ ಯಂತ್ರ ಹಾರಿಸುತ್ತೀಯಾ ಎಂದಷ್ಟೇ ಕೇಳಿದರು. ಹೂಂ ಎಂದರು. ಈ ಊರಿಗೆ ಬಂದರು. ಹದಿನಾರು ವರ್ಷ ತರಬೇತಿ. ಎರಡು ಸಲ ಬದಲಿ ಆಳಾಗಿ, ಹಾರುವ ದಿರಿಸು ಹಾಕಿಕೊಂಡು, ರಾಕೆಟ್ಟಿನ ಬುಡದವರೆಗೆ ಹೋಗಿ, ಹೋಗಬೇಕಾದವರು ಆರೋಗ್ಯವಾಗಿದ್ದುದರಿಂದ ಹಿಂದಿರುಗಿದರು. ಮೂರನೆಯ ಸರದಿ ಬರುವ ಮೊದಲೇ ಕಿವಿಯ ತೊಂದರೆ ಕಾಣಿಸಿಕೊಂಡಿತು. ಆಮೇಲೆ ಗುರುವಾದರು. ಅವರು ಕಲಿಸಿದವರೆಲ್ಲ ಹೋಗಿಬಂದಿದ್ದಾರೆ.

"ಬೇಸರ ಇಲ್ಲವೇ?" ಎಂದು ಕೇಳಿಬಿಟ್ಟೆ.

"ಅದಕ್ಕೆ ಇಲ್ಲ" ಎಂದರು.

ಸ್ವಲ್ಪ ಹೊತ್ತು ಸೌತೆಕಾಯಿ ಹೆಚ್ಚಿದರು. ನಂತರ ತಾವಾಗಿಯೇ ಹೇಳಿದರು. ತರಬೇತಿಯ ಮೊದಲ ವರ್ಷ ಒಂಟಿ ಕೋಣೆಯ ಪರೀಕ್ಷೆ ಇತ್ತು. ಹತ್ತು ದಿನ ಒಬ್ಬರೇ, ಶಬ್ದವಿಲ್ಲದ ಕೋಣೆಯಲ್ಲಿ. ನಾಲ್ಕನೆಯ ದಿನ ಅವರ ಅಪ್ಪ ಸತ್ತರು. ಊರಿನಿಂದ ಫೋನ್ ಮಾಡಿದ ಅಣ್ಣನೇ, ಅವನಿಗೆ ಹೇಳಬೇಡಿ, ಪರೀಕ್ಷೆ ಮುಗಿಯಲಿ ಎಂದಿದ್ದ. ಹೊರಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ಯುತ್ತಮ ಎಂದು ಬರೆದ ಕಾಗದ ಕೊಟ್ಟರು. ಸಂಜೆ ಸುದ್ದಿ ಹೇಳಿದರು.

"ಅಣ್ಣನಿಗೆ ಏನಂದಿರಿ?"

"ಏನೂ ಅನ್ನಲಿಲ್ಲ. ಅವನು ಸಾಯುವವರೆಗೂ ಏನೂ ಅನ್ನಲಿಲ್ಲ. ಅವನು ಪತ್ರ ಬರೆಯುತ್ತಿದ್ದ. ಒಳ್ಳೆಯದಕ್ಕೇ ಮಾಡಿದೆ ಅಂತ ಬರೆಯುತ್ತಿದ್ದ. ಅದು ನನಗೂ ಗೊತ್ತಿತ್ತು. ಅಪ್ಪ ಕೊನೆಗೆ ಏನಂದ ಅಂತ ಒಂದು ಪತ್ರದಲ್ಲೂ ಬರೆಯಲಿಲ್ಲ. ನಾನೂ ಕೇಳಲಿಲ್ಲ."

ಅವರು ನನಗೆ ಬುದ್ಧಿ ಹೇಳಲು ಇದನ್ನು ಹೇಳಲಿಲ್ಲ. ನನ್ನ ಕಡೆಗೆ ನೋಡಲೂ ಇಲ್ಲ. ಆದರೆ ನಾನು ಆಮೇಲೆ ಅವರ ಬ್ರೆಡ್ಡನ್ನು ನುಂಗಲಾರದೆ ಕೂತೆ.

ಪರೀಕ್ಷೆಯ ದಿನ

ಪರೀಕ್ಷೆಯ ಕಟ್ಟಡದಲ್ಲಿ ಒಳಗೆ ಹೋಗುವ ಮುಂಚೆ ಕೋಟು ಕಳಚಿ ಕೊಡಬೇಕು. ಅಲ್ಲಿ ಕೋಟುಗಳನ್ನು ನೋಡಿಕೊಳ್ಳುವ ಮುದುಕಿ ನನ್ನ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ, ದನಿ ಎತ್ತಿ ಬೈಯತೊಡಗಿದಳು. ಏನು ತಪ್ಪಾಯಿತೋ ತಿಳಿಯದೆ ನಾನು ನಿಂತೆ. ಕೊರಳ ಹತ್ತಿರ ಗೂಟಕ್ಕೆ ತೂಗುಹಾಕುವ ಕುಣಿಕೆ ಇಲ್ಲವಂತೆ ಎಂದು ವೆರಾ ತಿಳಿಸಿದರು. ಇಷ್ಟು ವಯಸ್ಸಾದ ಹೆಂಗಸಿಗೆ ಅಷ್ಟೂ ಗೊತ್ತಾಗಬಾರದೇ ಎಂಬುದು ಅವಳ ಬೈಗಳು. ಹೈದರಾಬಾದಿನಲ್ಲಿ ಕೋಟು ಮಾರಿದವನಿಗೂ ಅದು ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ?

ಭೀಮ ತನ್ನ ತಂಡದ ಇನ್ನಿಬ್ಬರ ಜೊತೆ ನನ್ನ ಮುಂದೆಯೇ ಹಾದುಹೋದ. ತಲೆ ಬಾಗಿಸಿ ನಮಸ್ಕಾರ ಮಾಡಿದ. ನಿಲ್ಲಲಿಲ್ಲ. ಎರಡು ದಿನ ನಾನು ಮಾಡಿದ ಫೋನನ್ನೂ ಎತ್ತಿರಲಿಲ್ಲ.

ಅಂದು ನೌಕೆಯ ಮಾದರಿಯೊಳಗೆ ಮೂವರೂ ದಿನವಿಡೀ ಕೂತು, ಗುರುಗಳು ಹುಟ್ಟಿಸುವ ಒಂದೊಂದು ಅವಘಡವನ್ನೂ ನಿಭಾಯಿಸಬೇಕು. ಒಳಗೆ ಬಿಡುವ ಮುನ್ನ ವೈದ್ಯರು ನೋಡುತ್ತಾರೆ. ನಾನು ಬೆಂಚಿನ ಮೇಲೆ ಕೂತೆ. ಕೋಟಿನ ಮುದುಕಿ ಬೈದು ಸಾಕಾದ ಮೇಲೆ ಸೂಜಿ ದಾರ ತೆಗೆದು, ಕನ್ನಡಕ ಏರಿಸಿ, ನನ್ನ ಕೋಟಿಗೆ ತಾನೇ ಕುಣಿಕೆ ಹೊಲಿಯತೊಡಗಿದಳು.

ಅವಳು ದಾರ ಕಡಿಯುವ ಮೊದಲೇ ಭೀಮ ಹೊರಗೆ ಬಂದ. ದಿರಿಸು ಬದಲಿಸಿರಲಿಲ್ಲ. ನನ್ನ ಪಕ್ಕ ಕೂತ.

"ಬಿ.ಪಿ. ಭಾಳ ಬಂತು ಅಕ್ಕಾ. ಡಾಕ್ಟರಮ್ಮ ಏನಾಗ್ಯದ ಅಂತ ಕೇಳಿದ್ರು. ಒಂದ್ ತಾಸು ಮಲಕ್ಕೊ, ಮತ್ತ ನೋಡ್ತೀನಿ ಅಂದ್ರು."

"ಮಲಕ್ಕೋಬೇಕಿತ್ತು ಭೀಮಾ."

"ಮಲಕ್ಕೊಂಡ್ರ ಇಳೀತಿತ್ತು. ನನಗ ಇಳಿಸಾಕ ಬರ್ತದ. ಅದನ್ನೇ ಕಲಿಸ್ಯಾರ." ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡುತ್ತಿದ್ದ. "ಖರೇನೇ ಹೇಳಿದೆ, ನಮ್ಮವ್ವ ತೀರಿಕೊಂಡಾಳ ಅಂತ. ಇವತ್ತ ಮುಚ್ಚಿಟ್ಟು ಪಾಸಾದೆ ಅನ್ನು. ಮ್ಯಾಲೆ ಹೋದಾಗ ನೆನಪಾದ್ರ ಏನ್ ಮಾಡ್ಲಿ? ಇನ್ನಿಬ್ಬರು ನನ್ನ ನಂಬಿ ಬಾಜೂಕ ಕುಂತಿರ್ತಾರ."

"ಏನಂದ್ರು?"

"ವಸಂತದಾಗ ಇನ್ನೊಂದು ತಂಡ ಬರ್ತದ, ಅವ್ರ ಕೂಡ ಪರೀಕ್ಷಿ. ಮೊದಲನೇ ಹಾರಾಟದ ಸೀಟು ಬ್ಯಾರೇದವ್ರಿಗೆ ಹೋತು. ನಾ ಬದಲಿ ಆಳು."

ನನಗೆ ಅಳು ಬಂತು. ಅವನಿಗಾಗಿ ಮುಚ್ಚಿಟ್ಟಿದ್ದೆ. ಮುಚ್ಚಿಟ್ಟದ್ದರಿಂದಲೇ ಅದು ಅವನ ಕೈ ತಪ್ಪಿತು. ಇಪ್ಪತ್ತಾರು ದಿನದ ಹಿಂದೆಯೇ ಹೇಳಿದ್ದರೆ ಬಂದು, ಮಣ್ಣು ಕೊಟ್ಟು, ಅತ್ತು, ತಿರುಗಿ ಹೋಗಿ, ಈ ಹೊತ್ತಿಗೆ ಒಳಗೆ ಕೂತಿರುತ್ತಿದ್ದನೋ ಏನೋ.

"ಅಳಬ್ಯಾಡ. ಹತ್ತು ದಿನ ಸೂಟಿ ಕೊಟ್ಟಾರ. ನಿನ್ನ ಕೂಡೇ ಊರಿಗೆ ಬರ್ತೀನಿ" ಎಂದ. ಆದರೆ ನನ್ನ ಕಡೆ ತಿರುಗಲಿಲ್ಲ.

ಹೊರಡುವ ದಿನ ವೆರಾ ಜೊತೆ ಪಾವೆಲ್ ಇಲಿಚ್ ಬಂದರು. ಚೀಲಗಳನ್ನು ಬಾಗಿಲ ಬಳಿ ಇಟ್ಟ ಮೇಲೆ ಎಲ್ಲರನ್ನೂ ಕೂಡಿಸಿದರು. ದೂರದ ಪಯಣಕ್ಕೆ ಮುನ್ನ ಒಂದು ನಿಮಿಷ ಮಾತಿಲ್ಲದೆ ಕೂಡುವುದು ಅವರ ರೂಢಿ. ನಮ್ಮಲ್ಲಿ ಹೊರಡುವ ಗಳಿಗೆಯಲ್ಲೇ ಎಲ್ಲರ ಬಾಯಿಗೂ ಮಾತು ಬರುತ್ತದೆ: ನೀರಿನ ಬಾಟಲಿ ತಗೊಂಡ್ಯಾ, ಮುಟ್ಟಿದ ಮ್ಯಾಲೆ ಫೋನ್ ಹಚ್ಚು. ಅಲ್ಲಿ ನಾಲ್ವರೂ ಸುಮ್ಮನೆ ಕೂತೆವು. ಭೀಮನಿಗೆ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತನ್ನು ಹೇಳಲೇಬೇಕೆಂದು ಆ ನಿಮಿಷದಲ್ಲಿ ನಾನು ನಿರ್ಧರಿಸಿದೆ.

ವಿಮಾನದಲ್ಲಿ

ಭೀಮ ಹಾರಿಸದ ವಿಮಾನದಲ್ಲಿ ಅವನ ಪಕ್ಕ ಕೂತೆ. ಮೇಲೇರುವಾಗ ಅವನ ಬಲಗೈ ತನ್ನಷ್ಟಕ್ಕೆ ತಾನೇ ಏನನ್ನೋ ಹಿಡಿಯಲು ಹೋಗಿ, ಏನೂ ಸಿಗದೆ ತೊಡೆಯ ಮೇಲೆ ಮರಳಿತು. ಮೋಡದ ಮೇಲೆ ಬಂದೆವು. ಕಿಟಕಿಯ ತುಂಬ ಬೆಳಗಿನ ಬಿಸಿಲು.

"ಅಕ್ಕಾ" ಎಂದ. "ಅವತ್ತ ಏನೇನಾತು, ಮುಂಜಾನಿಂದ ಹೇಳು. ಏನೂ ಬಿಡಬ್ಯಾಡ."

ಹೇಳಿದೆ. ಅವ್ವ ಮುಂಜಾನೆ ಎದ್ದು ಚಹಾ ಮಾಡಿದಳು. ಅಂಗಳದ ಬಿಸಿಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಎದೆಯಲ್ಲಿ ಉರಿಯಾಕತ್ತದ, ಖಾರದ ಘಾಟು ಇರಬೇಕು ಅಂದಳು. ಬೆವರು ಕಂಡು ಆಟೋ ಕರೆದೆ. ಆಸ್ಪತ್ರೆಯಲ್ಲಿ ಎರಡು ತಾಸು ಇದ್ದಳು. ಎಚ್ಚರವಾಗಿದ್ದಳು.

"ಆಗ ಹೇಳಿದ್ಲಾ, ನನಗ ತಿಳಿಸಬ್ಯಾಡ ಅಂತ?"

"ಇಲ್ಲ" ಎಂದೆ.

ಅವನು ತಿರುಗಿದ.

"ಅವ್ವ ಹಂಗ ಅಂದೇ ಇಲ್ಲ ಭೀಮಾ. ನಾ ಸುಳ್ಳು ಹೇಳೀನಿ. ಮಾವಗೂ, ಮಂದಿಗೂ, ನಿನಗೂ. ಅವ್ವ ನಿನ್ನ ಕರಿ ಅಂದ್ಲು. ನೀ ಕಾಡಿನ್ಯಾಗ ಇದ್ದಿ. ತುರ್ತು ನಂಬರ ಕೊಟ್ಟಿದ್ದಿ, ಅದು ನನ್ನ ಫೋನಿನ್ಯಾಗ ಇತ್ತು. ನಾ ಹಚ್ಚಲಿಲ್ಲ. ಇಷ್ಟು ವರ್ಷದ ಸಾಲಿ, ಇದೊಂದು ಉಳದದ, ಅವ್ವ ಏನ್, ಆರಾಮ ಆಗ್ತಾಳ ಅಂದ್ಕೊಂಡೆ. ಅಕಿ ಮತ್ತ ಮತ್ತ ಕೇಳಿದ್ಲು. ಫೋನ್ ಕಿವಿಗಿಟ್ಕೊಂಡು, ಹಚ್ಚೀನವ್ವಾ, ರಿಂಗ್ ಆಗಾಕತ್ತದ ಅಂದೆ. ಯಾರಿಗೂ ಹಚ್ಚಿರಲಿಲ್ಲ. ಅಕಿ ಬಾಗಲಾ ನೋಡಿಕೋತ ಇದ್ಲು."

ಹೇಳಿ ಮುಗಿಸಿ ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ಅವನು ಬೈಯುತ್ತಾನೆಂದು ಕಾದೆ. ಎದ್ದು ಬೇರೆ ಸೀಟಿಗೆ ಹೋದರೂ ಹೋಗಲಿ ಎಂದುಕೊಂಡೆ. ಗಗನಸಖಿ ಊಟದ ತಟ್ಟೆ ತಂದು ಇಬ್ಬರ ಮುಖ ನೋಡಿ, ಏನೂ ಕೇಳದೆ ಮುಂದೆ ಹೋದಳು.

ಆಮೇಲೆ ಭೀಮ ಕೇಳಿದ. ದನಿ ಸಣ್ಣದಾಗಿತ್ತು.

"ಕರಿ ಅಂದ್ಲಾ?"

"ಅಂದ್ಲು."

"ಹೆಂಗ ಅಂದ್ಲು? ಭೀಮಗ ಅಂದ್ಲಾ, ಭೀಮ್ಯಾಗ ಅಂದ್ಲಾ?"

"ಭೀಮ್ಯಾಗ" ಎಂದೆ. "ನಮ್ಮ ಭೀಮ್ಯಾಗ ಕರಿಬೇ, ಅಂದ್ಲು."

ಅವನು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಹೊಲದ ಬದುವಿನ ಮೇಲೆ ಎತ್ತಿಕೊಂಡಿದ್ದಾಗಿನಂತೆ ಅವನ ಬೆನ್ನ ಮೇಲೆ ಕೈಯಿಟ್ಟೆ. ಅವನು ಕೈ ಸರಿಸಲಿಲ್ಲ.

"ಇನ್ನೊಂದ್ಸಲ ಹೇಳು" ಎಂದ.

ಅವ್ವನ ದನಿಯಲ್ಲೇ ಹೇಳಿದೆ.